ವಿಕ್ರಾಂತನ ಸ್ಪೀಕರ್

ಹಾರೂಗೇರಿ
ರವಿವಾರ, ಜನವರಿ ೧೧, ೨೦೨೬

ಪ್ರೀತಿಯ ಮಗಳು ಕಾಂಚನಾ,

ನಿನಗೂ ಅಳಿಯಂದಿರಿಗೂ ಅವ್ವನ ಜೈಭೀಮ. ಸಂಜೆ ಏಳಾಗಿದೆ. ಬೆಳಿಗ್ಗೆ ನಡಿಗೆ, ಆಮೇಲೆ ಜಗಳ, ಈಗ ನಿಮ್ಮಪ್ಪನ ಕಾಲಿಗೆ ಎಣ್ಣೆ ತಿಕ್ಕಿ ಬರೆಯಲು ಕೂತಿದ್ದೇನೆ. ಸೋನಾಲಿಯ ಕೆಮ್ಮು ಕಡಿಮೆ ಆಯಿತೇ? ಈ ಚಳಿಯಲ್ಲಿ ಆಕೆಯನ್ನು ನಸುಕಿಗೇ ಹೊರಗೆ ಬಿಡಬೇಡ. ಫೋನಿನಲ್ಲಿ ನಿಮ್ಮಣ್ಣನ ಹೆಸರು ತೆಗೆದ ಕೂಡಲೇ ನೀನು ಅತ್ತು ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ.

ಪಾರ್ಕಿನ್ಸನ್ ಬೇನೆಯ ಸಂಶೋಧನೆಗೆ ದುಡ್ಡು ಕೂಡಿಸಲು ಇಲ್ಲಿನ ಒಂದು ಸಂಘದವರು ಇವತ್ತು ಬಸ್ ನಿಲ್ದಾಣದಿಂದ ಮೈದಾನದ ತನಕ ನಡಿಗೆ ಇಟ್ಟಿದ್ದರು. ಎಲ್ಲರಿಗೂ ಬಿಳಿ ಟೀಶರ್ಟು. ನಿಮ್ಮಪ್ಪ ಬೆಳಗಾಗುವ ಮೊದಲೇ ಎದ್ದು ಗಡ್ಡ ಮಾಡಿಸಿಕೊಂಡರು. "ನನ್ನ ಬ್ಯಾನಿ ಸಲುವಾಗಿ ಮಂದಿ ನಡಿಯೂದು, ನಾ ಮನ್ಯಾಗ ಕುಂದರೂದು, ಚಂದ ಕಾಣತೈತೇನ?" ಅಂದರು. ಹೋದ ಮಳೆಗಾಲ ನಿಮ್ಮಣ್ಣ ವಿಕ್ರಾಂತ ಕಾಮಾಲೆಯಾಗಿ ತೀರಿಹೋದ ಮೇಲೆ ಅವರು ಏನನ್ನಾದರೂ ಬೇಕು ಅಂದದ್ದು ಇದೇ ಮೊದಲು.

ಅಲ್ಲಿ ಹೋದರೆ ಪೆಂಡಾಲಿನೊಳಗೆ ಕುರ್ಚಿ, ಮೇಲೆ "ರೋಗಿಗಳು" ಎಂದು ಬೋರ್ಡು. ಸಂಘದವನೊಬ್ಬ ಅಪ್ಪನ ಹೆಗಲು ಒತ್ತಿ ಕೂರಿಸಿದ. "ಕಾಕಾ, ನೀವು ಆರಾಮ ಕುಂದರ್ರಿ. ನಡಿಯೂದು ನಮ್ಮ ಕೆಲಸ." ನನಗೆ ತಲೆಗೇರಿತು. "ಬ್ಯಾನಿ ನಮ್ಮದು, ನಡಿಗಿ ನಿಮ್ಮದೇನ್ರಿ?" ಅಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಬಿಟ್ಟರು. ಆದರೆ ಸ್ವಲ್ಪ ದೂರಕ್ಕೇ ಅಪ್ಪನ ಕಾಲು ನೆಲಕ್ಕೆ ಅಂಟಿದವು. ನೀನು ನೋಡಿದ್ದೀಯಲ್ಲ, ಮೈ ಮುಂದೆ ವಾಲುತ್ತದೆ, ಕಾಲು ಏಳುವುದಿಲ್ಲ. ಹಿಂದಿನವರು ನಮ್ಮನ್ನು ಸುತ್ತಿಬಳಸಿ ಮುಂದೆ ಹೋದರು. ಒಬ್ಬಾಕೆ ಪಕ್ಕಕ್ಕೆ ನಿಂತು ಸೆಲ್ಫಿ ತೆಗೆದುಕೊಂಡಳು, ಕಾಂಚನಾ!

ಆಗ ಸಂಭಾಜಿಯ ಟ್ರ್ಯಾಕ್ಟರ್ ಬಂತು. ನಿಮ್ಮಣ್ಣನ ಗಾಡಿಯನ್ನು ಈಗ ಅವನೇ ಓಡಿಸುತ್ತಾನೆ. ಎರಡು ಟ್ರೇಲರ್ ಕಬ್ಬು, ಜೋರಾಗಿ ಭೀಮಗೀತೆ. ವಿಕ್ರಾಂತ ದಿನಾ ಬೆಳಿಗ್ಗೆ ಹಚ್ಚುತ್ತಿದ್ದ ಅದೇ ಹಾಡು. ಅಪ್ಪನ ಬಲಗಾಲು ಎದ್ದಿತು. ಹಾಡಿನೊಳಗಿನ ಹಲಗಿಯ ಬಡಿತಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತ, ನನ್ನ ಕೈ ಬಿಡಿಸಿಕೊಂಡು ನಡೆದರು. ಮೈದಾನದ ಗೇಟು ಕಾಣುತ್ತಿತ್ತು. ಅಷ್ಟರಲ್ಲಿ ಸಂಘದವರು ಗಾಡಿಗೆ ಅಡ್ಡ ನಿಂತು, "ಏ, ಬಂದ್ ಮಾಡಲೇ! ಇದೇನ್ ಮದವಿ ಮೆರವಣಿಗೇನ?" ಎಂದು ಗದರಿದರು. ಸಂಭಾಜಿ ಹೆದರಿ ಹಾಡು ನಿಲ್ಲಿಸಿದ. ಅಪ್ಪನೂ ರಸ್ತೆಯ ನಟ್ಟನಡುವೆ ನಿಂತುಬಿಟ್ಟರು. ಕೊನೆಗೆ ಸಂಘದವರೇ ಅವರನ್ನು ಕುರ್ಚಿಯಲ್ಲಿ ಎತ್ತಿ ಒಳಗೆ ಒಯ್ದು ಚಪ್ಪಾಳೆ ಹೊಡೆದರು. ಅಪ್ಪ ಟೀಶರ್ಟು ಮೇಲಕ್ಕೆಳೆದು ಮುಖ ಮುಚ್ಚಿಕೊಂಡರು. ಅಲ್ಲಿದ್ದವರನ್ನೆಲ್ಲ ಬೈದು ಬಂದಿದ್ದೇನೆ.

ಮನೆಗೆ ಬಂದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು. "ಅಣ್ಣ ಸತ್ತ ಮನ್ಯಾಗ ವರ್ಷ ತುಂಬೂತನಕ ಹಾಡ ಬ್ಯಾಡ" ಎಂದು ನೀನು ಅವನ ಸ್ಪೀಕರ್ ಕಿತ್ತು ನಿನ್ನ ಮನೆಗೆ ಒಯ್ದೆ. ನಿನ್ನ ಸಂಕಟ ನನಗೆ ತಿಳಿಯುತ್ತದೆ, ಅವನನ್ನು ಹೆತ್ತವಳು ನಾನು. ಆದರೆ ಅಪ್ಪನ ಕಾಲು ಹೀಗೆ ಹೆಜ್ಜೆಹೆಜ್ಜೆಗೆ ನಿಲ್ಲತೊಡಗಿದ್ದು ಆಮೇಲೆಯೇ. ಗುಳಿಗೆ ಒಂದೂ ತಪ್ಪಿಸಿಲ್ಲ. ಮಗ ಹೋದ ಚಿಂತೆಗೆ ಹೀಗಾಯಿತು ಅಂದುಕೊಂಡೆವು. ವಿಕ್ರಾಂತ ಹಾಡು ಹಚ್ಚಿ, "ಬರ್ರಿ ರಾವಸಾಹೇಬರ, ಇವತ್ತಿನ ಮೆರವಣಿಗಿ ನಿಮ್ದು!" ಎಂದು ಅವರನ್ನು ಹಾಸಿಗೆಯಿಂದ ಹಿತ್ತಲ ತನಕ ನಡೆಸುತ್ತಿದ್ದುದನ್ನು ನಾವು ಚೇಷ್ಟೆ ಅಂದುಕೊಂಡಿದ್ದೆವು. ಅವರ ಕಾಲು ಎಬ್ಬಿಸುತ್ತಿದ್ದುದು ಆ ಹಲಗಿಯೇ ಎಂದು ಇವತ್ತು ತಿಳಿಯಿತು. ಮಧ್ಯಾಹ್ನ ಅದೇ ಹಾಡನ್ನು ಫೋನಿನಲ್ಲಿ ಹಚ್ಚಿ ನೋಡಿದೆ. ಅದರ ಸಣ್ಣ ದನಿಯಲ್ಲಿ ಹಲಗಿಯೇ ಕೇಳುವುದಿಲ್ಲ. ಅಪ್ಪ ಹೊಸ್ತಿಲಿನಲ್ಲೇ ನಿಂತುಬಿಟ್ಟರು.

ಹೊತ್ತಿಗೆ ಸರಿಯಾಗಿ ಉಣ್ಣು, ಸೊರಗಬೇಡ. ಸೋನಾಲಿಗೆ ಮುತ್ತು.

ನಿನ್ನ ಅವ್ವ,
ಸುಂದರಾ

ತಾ.ಕ.: ಈ ಕಾಗದ ತಂದವನು ಸಂಭಾಜಿಯೇ. ಸ್ಪೀಕರನ್ನು ಅವನ ಕೈಯಲ್ಲಿ ಕೊಡು, ವೈರು ಮರೆಯಬೇಡ. ನೀನು ಇಲ್ಲಿಗೆ ಬಂದಾಗ ಕೇಳಲಾಗದಿದ್ದರೆ ಹಿತ್ತಲಿಗೆ ಹೋಗಿ ಅತ್ತು ಬಾ, ಹಾಡು ಮಾತ್ರ ನಿಲ್ಲಿಸುವುದಿಲ್ಲ. ಅವನು ನಾಳೆ ನಿಮ್ಮ ಶಿರಗುಪ್ಪಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ, ಸಂಜೆ ಖಾಲಿ ಗಾಡಿ ಹೊಡೆದುಕೊಂಡು ವಾಪಸ್ ಬರುತ್ತಾನೆ.