ಕಾರಿನ ಕೋಡ್ ಬದಲಾಯಿಸಿದ್ದು ನಾನೇ

ಅಕ್ಕಾ,

ಕಾರಿನ ಬಾಗಿಲ ಮೇಲಿನ, ಕೋಡ್ ಒತ್ತಿ ಬೀಗ ತೆರೆಯುವ ಗುಂಡಿಗಳು ಕೆಟ್ಟಿಲ್ಲ. ರಿಪೇರಿಯವನಿಗೆ ಫೋನ್ ಮಾಡಬೇಡ. ಮೊನ್ನೆ ನಾನೇ ಕೋಡ್ ಬದಲಾಯಿಸಿದ್ದೆ. ನಿನ್ನ ಗೆಳತಿ ನನ್ನನ್ನು ಒಂದು ಮಾತೂ ಕೇಳದೆ, ಕೋಡ್ ಒತ್ತಿ ಒಳಗಿಟ್ಟ ಕೀಲಿಯಿಂದ ನಮ್ಮ ಕಾರು ಒಯ್ಯುತ್ತಾಳೆಂದು ಸಿಟ್ಟು ಬಂದಿತ್ತು. ನಿನಗಾದರೂ ಹೇಳಬೇಕಿತ್ತು. ಬೇಕೆಂದೇ ಹೇಳಲಿಲ್ಲ.

ನಿನ್ನೆ ನಾನು ಮನೆಯಲ್ಲಿಲ್ಲದ ಹೊತ್ತಿಗೆ ಹೆರಿಗೆಗೆ ಕರೆ ಬಂದಾಗ ನಿನ್ನ ಬ್ಯಾಗೂ ಕೀಲಿಯೂ ಕಾರಿನೊಳಗೇ ಇದ್ದವು. ನೀನು ಹಳೆಯ ಕೋಡನ್ನೇ ಒತ್ತಿ ಒತ್ತಿ, ಕೊನೆಗೆ ಬರಿಗೈಯಲ್ಲಿ ಓಡಿದೆ. ಹೋಗುವಷ್ಟರಲ್ಲಿ ನೆರೆಮನೆಯವರೇ ಹೆರಿಗೆ ಮಾಡಿಸಿದ್ದರು. "ಬಾಣಂತಿಯ ಅತ್ತೆ ಎಲ್ಲರೆದುರು, ನಿನ್ನಂಥ ನರ್ಸ್ ಇದ್ದರೆಷ್ಟು ಬಿಟ್ಟರೆಷ್ಟು ಅಂದ್ಬಿಟ್ರು ಕಣೋ" ಎಂದು ಕಣ್ಣೊರೆಸಿಕೊಂಡೆಯಲ್ಲ, ಆಗಲೂ ನಾನು "ಮೆಷಿನ್ ಅಲ್ವಾ, ಕೆಡುತ್ತೆ ಬಿಡು" ಅಂದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ನೀನು ಹೇಳಿದ ಮೇಲೂ ನಾನು ಊಟ ಬಿಟ್ಟು ಎದ್ದೆ.

ಈಗ ಹಳೆಯ ಕೋಡನ್ನೇ ಹಾಕಿದ್ದೇನೆ. ಐದೂ ಅಂಕಿಗಳನ್ನು ನಿಧಾನವಾಗಿ ಒತ್ತು. ಮತ್ತೆ ಮತ್ತೆ ತಪ್ಪಿದರೆ ಒಂದು ನಿಮಿಷ ಅದು ಯಾರ ಮಾತೂ ಕೇಳುವುದಿಲ್ಲ. ಕೀಲಿ ಮೊಳೆಗೆ ನೇತುಹಾಕಿದ್ದೇನೆ. ಬ್ಯಾಗು ನಿನ್ನ ಮಂಚದ ಪಕ್ಕದಲ್ಲಿದೆ. ಫ್ಲಾಸ್ಕಿನಲ್ಲಿ ಚಹಾ ಇದೆ, ಆರುವ ಮೊದಲು ಕುಡಿ.

ನಾನು ಬಸ್ಸಿನಲ್ಲಿ ಆ ಬಾಣಂತಿಯ ಮನೆಗೇ ಹೊರಟಿದ್ದೇನೆ. ತಡವಾಗಿದ್ದು ನಿನ್ನಿಂದಲ್ಲ, ನನ್ನಿಂದ ಎಂದು ಆ ಅತ್ತೆಗೆ ಎಲ್ಲರೆದುರೇ ಹೇಳಿ ಬರುತ್ತೇನೆ. ಬಂದ ಮೇಲೆ ಎಷ್ಟು ಬೇಕಾದರೂ ಬೈ. ಮನೆ ಬಾಗಿಲು ಮಾತ್ರ ತೆಗೆ.

ನಿನ್ನ ತಮ್ಮ