ಒಂಬತ್ತನೆಯ ಅಧ್ಯಾಯದ ಮನೆ

ಗುರುವಾರ, ೧೪ನೇ ತಾರೀಖು
ಮಧ್ಯಾಹ್ನ ಎರಡೂವರೆ

ನನ್ನ ಗುಬ್ಬಿಗೆ,

ಅಕ್ಕನ ಅಕ್ಕರೆ. ಹೇಗಿದ್ದೀಯೆ? ಕೆಮ್ಮು ಹೋಯಿತೇ? ಮೂರು ತಿಂಗಳಿಂದ ಒಂದು ಸಾಲೂ ಬರೆಯದೆ ಈಗ ಇದ್ದಕ್ಕಿದ್ದಂತೆ ಕಾಗದ ಕಳಿಸಿದ್ದೇನೆ, ಕ್ಷಮಿಸು. ಬೈಯುವುದಿದ್ದರೆ ಆಮೇಲೆ ಮನಸಾರೆ ಬೈ. ಮೊದಲು ಬಾಗಿಲ ಚಿಲಕ ಹಾಕಿ, ಇದನ್ನು ತಂದವರಿಗೆ ಕುಡಿಯಲು ನೀರು ಕೊಟ್ಟು, ಕುಳಿತು ಓದು. ಕಿಟಕಿಯ ಹತ್ತಿರ ಕೂರಬೇಡ.

ತಂದವರು ನರ್ಸಮ್ಮ. ನಮ್ಮ ಲ್ಯಾಬಿನ ಪಕ್ಕದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಾಯಿ ಜೋರು, ಮನಸ್ಸು ಬೆಣ್ಣೆ. ನಾಲ್ಕು ಗಂಟೆಯ ಬಸ್ಸಿಗೆ ಹೊರಡುತ್ತಾರೆ, ಅಷ್ಟರೊಳಗೆ ನಾನು ಇದನ್ನು ಮುಗಿಸಬೇಕು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಹೋದ ಸಲ ಅವನು ನಿನ್ನನ್ನು ಹುಡುಕಿದ್ದು ಫೋನಿನಿಂದಲೇ. ಅಂದಿನಿಂದ ನೀನು ಫೋನು ಇಟ್ಟುಕೊಂಡಿಲ್ಲ, ನೀನಿರುವ ಕಟ್ಟಡದ ಯಾರ ಫೋನಿಗೂ ನಾನು ಕರೆ ಮಾಡುವುದಿಲ್ಲ ಎಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದೇವೆ.

ಹೌದು, ವಿಷಯ ಅವನದೇ, ನೀನು ಬಿಟ್ಟುಬಂದ ಗಂಡನದೇ. ಆದರೆ ಮೊದಲು ನನ್ನ ಪುಸ್ತಕದ ಸುದ್ದಿ ಹೇಳಬೇಕು. ಹೇಳದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ.

ದಿನಾ ಬೆಳಿಗ್ಗೆ ಐದೂವರೆಯಿಂದ ಆರೂವರೆಯವರೆಗೆ, ರದ್ದಾದ ರಿಪೋರ್ಟು ಹಾಳೆಗಳ ಹಿಂಭಾಗದಲ್ಲಿ ನಾಲ್ಕು ವರ್ಷ ಗೀಚಿದ ಕಾದಂಬರಿ ಅಂತೂ ಅಚ್ಚಾಯಿತು. ನೂರೈವತ್ತು ಪ್ರತಿ. ನಮ್ಮ ಭಾನುವಾರದ ಬರಹಗಾರರ ಕೂಟದ ಮೇಷ್ಟ್ರೇ ಮುಂದೆ ನಿಂತು ಮಾಡಿಸಿದರು. ಲ್ಯಾಬಿನ ಡಾಕ್ಟರು, "ಜನರ ರಕ್ತ ಹೀರಿದ್ದು ಸಾಲ್ದು ಅಂತ ಈಗ ತಲೆನೂ ತಿನ್ನೋಕೆ ಹೊರಟ್ರಾ?" ಎಂದು ನಕ್ಕರು. ಹೆತ್ತವರಿಗೆ ಹೆಗ್ಗಣ ಮುದ್ದು; ಒಂದು ವಾರ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗಿದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಇಂಥ ಹುಚ್ಚು. ನಿನಗೆ ಮಾತ್ರ ಒಂದು ಪ್ರತಿಯನ್ನೂ ಕಳಿಸಲಿಲ್ಲ.

ನನ್ನ ಚಾಳಿ ನಿನಗೆ ಗೊತ್ತಿದೆ. ಕಣ್ಣಾರೆ ಕಾಣದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕಥೆಯಲ್ಲಿ ಒಬ್ಬಳು ದೋಣಿ ದಾಟಬೇಕೆಂದು ಎರಡು ದಿನ ರಜೆ ಹಾಕಿ, ನದಿಯ ಈ ದಡದಿಂದ ಆ ದಡಕ್ಕೆ ನಾಲ್ಕು ಸಲ ಓಡಾಡಿ ಬಂದಿದ್ದೆ. ಟಿಕೆಟ್ಟಿನವನು, "ಏನಮ್ಮ, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದ್ದ. ಹಾಗೆಯೇ ಹೋದ ವರ್ಷ ನಿನ್ನ ಮನೆಗೂ ಬಂದೆ. ನಾನು ನೋಟುಪುಸ್ತಕ ಹಿಡಿದು ಮೆಟ್ಟಿಲು ಎಣಿಸುತ್ತಿದ್ದರೆ ನೀನು ಮೇಲಿನಿಂದ, "ಅಕ್ಕಾ, ನೀನು ಬಂದಿದ್ದು ನನ್ನ ನೋಡೋಕಾ, ಮನೆ ನೋಡೋಕಾ?" ಎಂದು ನಕ್ಕೆ. ಎಷ್ಟೋ ವರ್ಷದ ಮೇಲೆ ನೀನು ಹಾಗೆ ನಕ್ಕಿದ್ದು. ಆ ಸಂತೋಷಕ್ಕೇ ಇರಬೇಕು, ಊರಿಗೆ ಮರಳಿ ಒಂದೇ ವಾರದಲ್ಲಿ ಒಂಬತ್ತನೆಯ ಅಧ್ಯಾಯ ಬರೆದು ಮುಗಿಸಿದೆ.

ಗುಬ್ಬಿ, ನಾನು ಎಚ್ಚರವಾಗಿಯೇ ಇದ್ದೆ. ನಿನ್ನ ಹೆಸರು ಬದಲಿಸಿದೆ, ಊರಿಗೆ ಹೆಸರೇ ಇಡಲಿಲ್ಲ. ಹೋಟೆಲಿನ ಪರದೆ ಹೊಲಿಯುವವಳನ್ನು ಟೈಪಿಸ್ಟ್ ಮಾಡಿದೆ. ಇಲ್ಲದ ಮಗುವನ್ನೂ ಕೊಟ್ಟೆ. ಆದರೆ ಮನೆಯನ್ನು ಬದಲಿಸಲು ಕೈ ಬರಲಿಲ್ಲ. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಹೊರಗಿನಿಂದ ಹತ್ತುವ ಹತ್ತೊಂಬತ್ತು ಕಬ್ಬಿಣದ ಮೆಟ್ಟಿಲು, ಏಳನೆಯದು ಸಡಿಲ. ಎದುರಿಗೆ ಡ್ರೈವಿಂಗ್ ಸ್ಕೂಲಿನ ಹಳದಿ ಕಾರು. ಕಿಟಕಿಯಿಂದ ಕಾಣುವ ನೀರಿನ ಟ್ಯಾಂಕು, ಅದರ ಮೇಲೆ ಅರ್ಧ ಅಳಿಸಿಹೋದ ಪೇಂಟಿನ ಜಾಹೀರಾತು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಕೂಟದಲ್ಲಿ ಓದಿದಾಗ ಮೇಷ್ಟ್ರು, "ಆ ಮನೆ ಕಣ್ಣಿಗೆ ಕಟ್ಟುತ್ತೆ ಕಣಮ್ಮ, ಹುಡುಕ್ಕೊಂಡು ಹೋಗ್ಬಹುದು" ಎಂದರು. ನಾನು ಹಿಗ್ಗಿಹೋದೆ.

ನಿನ್ನೆ ಬುಧವಾರ ಬೆಳಿಗ್ಗೆ ಏಳು ಗಂಟೆಗೆ, ಬರಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬರುವವರ ಸಾಲಿನಲ್ಲಿ ಅವನು ಕುಳಿತಿದ್ದ. ಟೋಕನ್ ನಂಬರ್ ಆರು. ಕೂದಲು ನರೆತಿದೆ, ಸ್ವಲ್ಪ ದಪ್ಪಗಾಗಿದ್ದಾನೆ, ಪಾರ್ಸೆಲ್ ಕಂಪನಿಯ ಅದೇ ನೀಲಿ ಅಂಗಿ. ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತು ತಾನೇ ಅಂಗಿಯ ತೋಳು ಮಡಚಿ ಕೈ ಚಾಚಿದ.

"ಆರಾಮಾ ಅಕ್ಕ?" ಎಂದ.

ನಾನು ರಬ್ಬರ್ ಪಟ್ಟಿ ಕಟ್ಟಿದೆ. ಸ್ಪಿರಿಟ್ ಹಚ್ಚಿದೆ. ನರ ಸಿಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಸುಗೂಸುಗಳ ನರವನ್ನೂ ಒಂದೇ ಸಲಕ್ಕೆ ಹಿಡಿದವಳು ನಾನು, ಇವನ ಹಗ್ಗದಂಥ ನರವನ್ನು ಎರಡು ಸಲ ತಪ್ಪಿದೆ.

"ಎರಡು ಸಲ ತಪ್ತಲ್ಲ ಅಕ್ಕ. ನಿಧಾನ. ನಂಗೇನೂ ಅವಸರ ಇಲ್ಲ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ರಕ್ತ ಟ್ಯೂಬಿಗೆ ಇಳಿಯುವುದನ್ನೇ ನೋಡುತ್ತಾ ಹೇಳಿದ, "ನಿಮ್ಮ ಪುಸ್ತಕದ ಕಟ್ಟು ನಮ್ಮ ಗಾಡೀಲೇ ಬಂತು. ಮೇಲೆ ನಿಮ್ಮ ಹೆಸರು ನೋಡಿ, ಮೇಷ್ಟ್ರ ಹತ್ರ ಹೋಗಿ ಒಂದು ತಗೊಂಡೆ. ನಾನು ಓದೋನಲ್ಲ, ಆದ್ರೆ ಇದನ್ನ ಮೂರು ಸಲ ಓದ್ದೆ. ಒಂಬತ್ತನೇ ಅಧ್ಯಾಯ ಭಾಳ ಚೆನ್ನಾಗಿದೆ. ಮೆಟ್ಟಿಲು ಎಣಿಸಿ ಬರ್ದಿದೀರಿ, ಅಲ್ವಾ?"

"ಅದೆಲ್ಲ ಕಲ್ಪನೆ," ಎಂದೆ.

"ಊರಿನ ಹೆಸರು ಹಾಕಿಲ್ಲ. ಪರವಾಗಿಲ್ಲ. ನಮ್ಮ ಕಂಪನೀಲಿ ನಲವತ್ತು ಡ್ರೈವರು ಇದಾರೆ. ಗಡಿಯಾರದಂಗಡಿ, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಎದುರಿಗೆ ಹಳದಿ ಕಾರು. ಒಬ್ಬನಾದ್ರೂ ಅಲ್ಲಿಗೆ ಪಾರ್ಸೆಲ್ ಕೊಟ್ಟಿರ್ತಾನೆ. ಶನಿವಾರದಿಂದ ನಂಗೆ ರಜೆ."

ಟ್ಯೂಬಿನ ಮೇಲೆ ಅವನ ಹೆಸರು ಬರೆಯಬೇಕಿತ್ತು, ಬರೆದೆ. ಹತ್ತಿ ಒತ್ತಿ ಹಿಡಿದುಕೊಳ್ಳಿ ಎಂದು ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದೆ. ಹೆದರಿಕೆಯಲ್ಲೂ ಬಾಯಿಗೆ ಅಭ್ಯಾಸದ ಮಾತೇ ಬರುತ್ತದೆ ನೋಡು.

ನಿನ್ನೆಯೇ ಬರೆಯಬೇಕಿತ್ತು. ಬರೆಯುವ ಬದಲು ದಡ್ಡಿಯಂತೆ ಪುಸ್ತಕಗಳನ್ನು ಹಿಡಿದು ತರಲು ಹೊರಟೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಲೈಬ್ರರಿಯ ಎರಡು ಪ್ರತಿ ನನ್ನ ಕಾರ್ಡಿಗೇ ಪಡೆದೆ. ಹಲ್ಲಿನ ಡಾಕ್ಟರ ಕಾಯುವ ಕೋಣೆಯಿಂದ ಒಂದನ್ನು ಕದ್ದೆ. ಮೇಷ್ಟ್ರ ಮನೆಯಲ್ಲಿದ್ದ ಕಟ್ಟನ್ನು ಪೂರ್ತಿ ಎತ್ತಿಕೊಂಡೆ. "ಏನಮ್ಮ ಇದು, ತನ್ನ ಪುಸ್ತಕಾನ ತಾನೇ ಖಾಲಿ ಮಾಡೋ ಲೇಖಕಿನ ಇವತ್ತೇ ನೋಡಿದ್ದು," ಎಂದು ಅವರು ಕನ್ನಡಕ ತೆಗೆದರು. ನೂರಾ ಮೂವತ್ತೊಂದು ಪ್ರತಿ ಮಂಚದ ಕೆಳಗೆ ಸೇರಿಸಿ ಕುಳಿತ ಮೇಲೆ ಹೊಳೆಯಿತು, ಅವನ ಕೈಯಲ್ಲಿರುವ ಒಂದೇ ಸಾಕು ಎಂದು.

ಪೊಲೀಸರಿಗೆ ಹೇಳೋಣವೆಂದರೆ ಏನೆಂದು ಹೇಳಲಿ? ರಕ್ತ ಕೊಡಲು ಬಂದವನು ನನ್ನ ಕಾದಂಬರಿ ಹೊಗಳಿದ ಎಂದು ದೂರು ಕೊಡಲೇ? ಆದರೂ ಇವತ್ತು ಬೆಳಿಗ್ಗೆ ಹೋಗಿದ್ದೆ. ಬರೆದುಕೊಂಡರು. ಬರೆಯುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನೇ ಓಡಿಬರಬೇಕೆಂದು ಪ್ರಾಣ ಹಾರುತ್ತಿದೆ. ಆದರೆ ಬೆಳಿಗ್ಗೆಯಿಂದ ಲ್ಯಾಬಿನ ಎದುರು ಒಂದು ಪಾರ್ಸೆಲ್ ಗಾಡಿ ನಿಂತಿದೆ. ಒಳಗೆ ಯಾರಿದ್ದಾರೋ ಕಾಣುವುದಿಲ್ಲ. ಯಾರೋ ಬೇರೆಯವರೂ ಇರಬಹುದು. ಇಲ್ಲಿ ದಿನಾ ಹತ್ತು ಗಾಡಿ ನಿಲ್ಲುತ್ತವೆ, ನಾನು ಇವತ್ತೇ ನೋಡಿದ್ದು. ನಾನು ಬಸ್ಸು ಹತ್ತಿದರೆ ನಾನೇ ಅವನಿಗೆ ದಾರಿ ತೋರಿಸಿದಂತಾಗುತ್ತದೆ. ಅದಕ್ಕೇ ಬಿಳಿ ಕೋಟು ತೊಟ್ಟು ಕಿಟಕಿಗೆ ಮುಖ ಮಾಡಿ ಕುಳಿತು ಬರೆಯುತ್ತಿದ್ದೇನೆ. ಅವನು ನೋಡಲಿ, ಅಕ್ಕ ಕೆಲಸದಲ್ಲೇ ಇದ್ದಾಳೆ ಎಂದುಕೊಳ್ಳಲಿ.

ನೀನು ಮಾಡಬೇಕಾದದ್ದು ಕೇಳು. ನರ್ಸಮ್ಮನ ಜೊತೆ ಇವತ್ತೇ ಹೊರಡು. ನಾಳೆ ಎನ್ನಬೇಡ. ಅವರ ಸೋದರ ಸೊಸೆ ಒಂದು ಹೆಂಗಸರ ಹಾಸ್ಟೆಲಿನಲ್ಲಿ ವಾರ್ಡನ್. ಜಾಗವಿದೆ, ಹೊಲಿಗೆಯ ಕೆಲಸವೂ ಸಿಗುತ್ತದಂತೆ. ಔಷಧಿ, ಕಾಗದಪತ್ರ, ಎರಡು ಜೊತೆ ಬಟ್ಟೆ ಸಾಕು. ಹೊಲಿಗೆ ಯಂತ್ರ ಬಿಟ್ಟುಹೋಗಲು ನಿನಗೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಬಿಟ್ಟುಬಿಡು. ಗಡಿಯಾರದಂಗಡಿಯ ಮುದುಕರಿಗೂ ಹೇಳಬೇಡ. ಅವರು ಒಳ್ಳೆಯವರೇ, ಆದರೆ ವಿಷಯ ಗೊತ್ತಿಲ್ಲದವರ ಬಾಯಿಯನ್ನು ಯಾರೂ ಬಿಡಿಸಲಾರರು.

ಇನ್ನೊಂದು. ಹಾಸ್ಟೆಲು ಯಾವ ಊರಿನಲ್ಲಿದೆ ಎಂದು ನಾನು ನರ್ಸಮ್ಮನನ್ನು ಕೇಳಿಲ್ಲ. ಅವರು ಹೇಳಲು ಬಂದಾಗ ಕಿವಿ ಮುಚ್ಚಿಕೊಂಡೆ. ನೀನೂ ನನಗೆ ಬರೆಯಬೇಡ. ನಾಳೆ ಸಂಜೆ ರಿಪೋರ್ಟು ಒಯ್ಯಲು ಅವನು ಮತ್ತೆ ಬರುತ್ತಾನೆ. ನನ್ನ ಮುಖ ನೋಡಿಯೇ ಓದಿಬಿಡುತ್ತಾನೆ. ನನಗೆ ಗೊತ್ತಿಲ್ಲದಿದ್ದರೆ ಧೈರ್ಯವಾಗಿ ನಿಲ್ಲಬಲ್ಲೆ. ನೀನು ಕ್ಷೇಮ ಎಂಬುದನ್ನು ಮಾತ್ರ ನರ್ಸಮ್ಮನ ಬಾಯಲ್ಲಿ ಹೇಳಿಸು. ಎಷ್ಟು ಕಾಲವೋ ತಿಳಿಯದು. ನಿನ್ನನ್ನು ನೋಡದೆ ಇರುವುದು ನನಗೆ ಕಷ್ಟ, ತುಂಬಾ ಕಷ್ಟ.

ನರ್ಸಮ್ಮ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ. "ಇದೂ ಕಾದಂಬರೀನಾ? ಬಸ್ಸು ಹೋಗುತ್ತೆ," ಎಂದು ಗದರುತ್ತಿದ್ದಾರೆ. ಹೊಟ್ಟೆ ತುಂಬ ಉಣ್ಣು, ಕೆಮ್ಮಿಗೆ ಔಷಧಿ ತಪ್ಪಿಸಬೇಡ. ನಿನ್ನ ಕೂದಲೂ ಕೊಂಕದಿರಲಿ. ನನ್ನ ಆಯುಸ್ಸೂ ನಿನಗಿರಲಿ, ನೂರು ವರ್ಷ ಬಾಳು.

ನಿನ್ನ
ಅಕ್ಕ

ಮ.ವಿ.: ನರ್ಸಮ್ಮನನ್ನು ಎರಡು ನಿಮಿಷ ಕೂರಿಸಿದ್ದೇನೆ. ಅವನು ಎದ್ದು ಹೋಗುವಾಗ ಹೇಳಿದ ಇನ್ನೊಂದು ಮಾತನ್ನು ಬರೆಯದೆ ಮುಚ್ಚಿಟ್ಟಿದ್ದೆ. ನನ್ನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ, ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಂಗಿಗೆ ಅಕ್ಕ ಬಾಗಿಲು ತೆರೆದು, "ಇನ್ನು ನೀನು ಎಲ್ಲಿಗೂ ಹೋಗ್ಬೇಡ," ಎನ್ನುತ್ತಾಳೆ. ಓದಿದವರೆಲ್ಲ ಆ ಅಕ್ಕನನ್ನು ಮೆಚ್ಚಿದ್ದಾರೆ. ನಿನಗೆ ಪ್ರತಿ ಕಳಿಸದಿದ್ದುದೂ, ಮೂರು ತಿಂಗಳು ಕಾಗದ ಬರೆಯದಿದ್ದುದೂ ಆ ಅಧ್ಯಾಯಕ್ಕೆ ಹೆದರಿಯೇ. ಅವನು ಅಂಗಿಯ ತೋಳು ಇಳಿಸಿಕೊಳ್ಳುತ್ತಾ, "ಅದೊಂದನ್ನ ಸುಳ್ಳು ಬರ್ದಿದೀರಿ ಅಕ್ಕ. ಮಾರನೇ ದಿನಾನೇ ಅವಳನ್ನ ಕರ್ಕೊಂಡು ಬಂದು ನನ್ನ ಮನೆ ಬಾಗಿಲಲ್ಲಿ ಬಿಟ್ಟು ಹೋದವ್ರು ನೀವೇ," ಎಂದ. ನಾನು ಏಳನೆಯ ಟೋಕನ್ ಕರೆದೆ. ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀನು ನೆಟ್ಟಗಿದ್ದ ಕೈಯಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದೆ. ಅದನ್ನು ನಾನು ಎಲ್ಲಿಯೂ ಬರೆದಿಲ್ಲ.