ಒಂದೂವರೆ ಪಟ್ಟು ವೇಗ

ಶನಿವಾರ, ಜೂನ್ 14

ದೊಡ್ಡಮ್ಮನ ಕಿವಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಆಗುವುದಾದರೂ ಹೇಗೆ? ಈಗಿನ ಸಿನಿಮಾಗಳನ್ನು ರಬ್ಬರಿನ ಹಾಗೆ ಎಳೆಯುತ್ತಾರೆಂದು ನಾನೇ ತಿಂಗಳುಗಳಿಂದ ಟಿವಿಯಲ್ಲಿ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಿದ್ದೇನೆ. ಪಕ್ಕದಲ್ಲೇ ಕೂತು ನೋಡುವ ಅವಳಿಗೆ ಹೇಳಿಯೇ ಇಲ್ಲ. "ಏನಂದ್ಲೋ ಅವಳು?" ಎಂದು ಕೇಳಿದಾಗಲೆಲ್ಲ, "ಸುಮ್ನೆ ನೋಡು ದೊಡ್ಡಮ್ಮ" ಎಂದು ಗದರಿದ್ದೇನೆ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, "ಹಾಗಾದ್ರೆ ನನ್ನ ತಲೆನೇ ಮಂದ ಆಗಿದೆ ಕಣೋ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಸಂಜೆ ಗುಟ್ಟಾಗಿ ವೇಗ ಸರಿಮಾಡಿ ಒಂದು ಸಿನಿಮಾ ಹಾಕಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು, ಎಲ್ಲೂ ಎಳೆದಿರಲಿಲ್ಲ. ದೊಡ್ಡಮ್ಮ ಪ್ರತಿ ಮಾತಿಗೂ ನಕ್ಕಳು.

"ಆ ಡಾಕ್ಟ್ರ ಕೈಗುಣ ನೋಡು, ಎಲ್ಲಾ ಕೇಳ್ತಿದೆ!"

ನಾನು ಹೂಂ ಎಂದೆ. ಥೂ, ನನ್ನ ಜನ್ಮಕ್ಕೆ...